ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ: ಡೀಸೆಲ್ ಕಟ್‌ಆಫ್ ಸೊಲೆನಾಯ್ಡ್‌ನ ತೊಂದರೆ ಹುಡುಕುವುದು ಹೇಗೆ

ಮಳೆಗಾಲದ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತ ಚಿಕ್ಕ ಡೀಸೆಲ್ ಟ್ರಾಕ್ಟರು. ಬ್ಯಾಟರಿ ಚಾರ್ಜ್ ಮಾಡಿಸಿ ಕೂರಿಸಿದ್ದಾಗಿದೆ, ಟ್ಯಾಂಕಿನಲ್ಲಿ ಡೀಸೆಲ್ ಇದೆ. ಕೀ ತಿರುಗಿಸಿದರೆ ಸೆಲ್ಫ್ ಜೋರಾಗಿಯೇ ತಿರುಗುತ್ತದೆ. ಆದರೆ ಇಂಜಿನ್ ಹಿಡಿಯುವುದಿಲ್ಲ. ಸೈಲೆನ್ಸರಿನ ಬಾಯಲ್ಲಿ ಒಂದೆಳೆ ಹೊಗೆಯೂ ಇಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಇಂಥ ಹೊತ್ತಿಗೆ ಎರಡರಲ್ಲೊಂದು ಆಗುವುದು ಹೆಚ್ಚು. ಇಂಜೆಕ್ಷನ್ ಪಂಪು ಬಿಚ್ಚಿಸಿಕೊಂಡು ಪೇಟೆಗೆ ಹೋಗುತ್ತದೆ, ಇಲ್ಲವಾದರೆ ಹೊಸ ಕಟ್‌ಆಫ್ ಸೊಲೆನಾಯ್ಡ್ (ಪಂಪಿನ ಡೀಸೆಲನ್ನು ಬಿಡುವ, ತಡೆಯುವ ವಿದ್ಯುತ್ ಭಾಗ) ಮನೆಗೆ ಬರುತ್ತದೆ. ಪಂಪಿನಲ್ಲಿ ದೋಷ ಸಿಗುವುದಿಲ್ಲ. ಹೊಸ ಸೊಲೆನಾಯ್ಡ್ ಎರಡು ದಿನ ಓಡಿ ಸುಟ್ಟ ವಾಸನೆ ಬಿಡುತ್ತದೆ. ಸೊಲೆನಾಯ್ಡ್ ತಾನಾಗಿ ಕೆಡುವುದು ಕಡಿಮೆ. ಅದಕ್ಕೆ ಕರೆಂಟ್ ತರುವ ದಾರಿ ಕೆಟ್ಟಿರುತ್ತದೆ, ಇಲ್ಲವೇ ಅದು ಎಳೆಯಬೇಕಾದ ಲಿವರ್ ಬಿಗಿದಿರುತ್ತದೆ. ಕಾರಣ ಹುಡುಕದೆ ಬಿಡಿಭಾಗ ಬದಲಿಸಿದರೆ ಹಳೆಯದನ್ನು ಸುಟ್ಟದ್ದೇ ಹೊಸದನ್ನೂ ಸುಡುತ್ತದೆ. ಅಂಗಡಿಗೆ ಹೋಗುವ ಮೊದಲು ಅಳೆದು ನೋಡಬೇಕು. ಅದಕ್ಕೆ ಬೇಕಾದ್ದು ಒಂದು ಸಾಧಾರಣ ಮಲ್ಟಿಮೀಟರ್, 55 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬು, ಫ್ಯೂಸ್ ಸೇರಿಸಿದ ಒಂದು ತುಂಡು ವಯರು, ಅರ್ಧ ಗಂಟೆಯ ತಾಳ್ಮೆ.

ಈ ಭಾಗ ಮಾಡುವ ಕೆಲಸ

ಪೆಟ್ರೋಲ್ ಇಂಜಿನಿಗೆ ಕಿಡಿ ಬೇಕು, ಕಿಡಿ ನಿಲ್ಲಿಸಿದರೆ ಇಂಜಿನ್ ನಿಲ್ಲುತ್ತದೆ. ಡೀಸೆಲ್ ಇಂಜಿನಿನಲ್ಲಿ ಕಿಡಿಯೇ ಇಲ್ಲ. ಒತ್ತಿ ಕಾದ ಗಾಳಿಗೆ ಡೀಸೆಲ್ ಬಿದ್ದರೆ ಉರಿಯುತ್ತದೆ, ಆದ್ದರಿಂದ ನಿಲ್ಲಿಸಬೇಕಾದರೆ ಡೀಸೆಲನ್ನೇ ತಡೆಯಬೇಕು. ಹಳೆಯ ಟ್ರಾಕ್ಟರುಗಳಲ್ಲಿ ಕೈಯಿಂದ ಎಳೆಯುವ ಸ್ಟಾಪ್ ಗುಂಡಿ ಒಂದು ಕೇಬಲಿನ ಮೂಲಕ ಪಂಪಿನ ಲಿವರನ್ನು ಸರಿಸುತ್ತಿತ್ತು. ಕೀಯಿಂದಲೇ ನಿಲ್ಲುವ ಯಂತ್ರಗಳಲ್ಲಿ ಆ ಕೈಯ ಜಾಗದಲ್ಲಿ ವಿದ್ಯುತ್ ಅಯಸ್ಕಾಂತ ಬಂದಿದೆ. ಒಂದು ತಾಮ್ರದ ಸುತ್ತು, ಅದರೊಳಗೆ ಜಾರುವ ಕಬ್ಬಿಣದ ಪ್ಲಂಜರ್, ಹಿಂದಕ್ಕೆ ದೂಡುವ ಸ್ಪ್ರಿಂಗ್. ಸೊಲೆನಾಯ್ಡ್ ಎಂದರೆ ಇಷ್ಟೇ.

ನೋಟಕ್ಕೆ ಅದು ಎರಡು ಬಗೆ. ರೋಟರಿ ಪಂಪುಗಳಲ್ಲಿ ಹೆಬ್ಬೆರಳು ಗಾತ್ರದ ವಾಲ್ವು ಪಂಪಿನ ಮೈಗೇ ತಿರುಪಿಕೊಂಡಿರುತ್ತದೆ. ಅದಕ್ಕೆ ಒಂದೇ ವಯರು, ಅರ್ತ್ ಪಂಪಿನ ಮೈಯಿಂದಲೇ. ಇನ್ನೊಂದು, ಪಂಪಿನ ಪಕ್ಕದಲ್ಲಿ ಬೋಲ್ಟ್ ಮಾಡಿರುವ ದೊಡ್ಡ ಸೊಲೆನಾಯ್ಡ್. ಅದು ರಾಡಿನ ಮೂಲಕ ಪಂಪಿನ ಸ್ಟಾಪ್ ಲಿವರನ್ನೋ ಡೀಸೆಲಿನ ಪ್ರಮಾಣ ಏರಿಳಿಸುವ ರ್‍ಯಾಕನ್ನೋ ಸರಿಸುತ್ತದೆ. ಅದಕ್ಕೆ ಎರಡು ಅಥವಾ ಮೂರು ವಯರುಗಳು.

ಕೆಲಸದ ರೀತಿಯೂ ಎರಡು, ಇದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಮುಂದಿನ ಎಲ್ಲ ಪರೀಕ್ಷೆ ತಲೆಕೆಳಗಾಗುತ್ತದೆ. ಹೆಚ್ಚಿನವು ಕರೆಂಟ್ ಇದ್ದಷ್ಟು ಹೊತ್ತು ಡೀಸೆಲ್ ಬಿಡುವಂಥವು. ಕೀ ತೆಗೆದರೆ ಕರೆಂಟ್ ಹೋಗಿ ಸ್ಪ್ರಿಂಗ್ ಡೀಸೆಲ್ ಮುಚ್ಚುತ್ತದೆ. ಕೆಲವು ಇದಕ್ಕೆ ವಿರುದ್ಧ: ಓಡುವಾಗ ಕರೆಂಟ್ ಬೇಡ, ಕೀ ತೆಗೆದ ಮೇಲೆ ಟೈಮರ್ ಕೆಲವು ಸೆಕೆಂಡ್ ಕರೆಂಟ್ ಕೊಟ್ಟು ಲಿವರನ್ನು ನಿಲ್ಲಿಸುವ ಕಡೆಗೆ ಎಳೆಯುತ್ತದೆ. ಇಂಜಿನ್ ಓಡುತ್ತಿರುವಾಗ ಸೊಲೆನಾಯ್ಡಿನ ಸಾಕೆಟ್ ಬಿಚ್ಚಿ ನೋಡಿ. ನಿಂತರೆ ಮೊದಲ ಬಗೆ, ನಿಲ್ಲದಿದ್ದರೆ ಎರಡನೆಯದು. ಇಂಜಿನ್ ಹಿಡಿಯುತ್ತಲೇ ಇಲ್ಲವಾದರೆ ಕಿವಿಗೊಡಿ: ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿದಾಗ ‘ಟಕ್’ ಎಂದರೆ ಮೊದಲ ಬಗೆ, ಕೀ ತೆಗೆದಾಗ ‘ಟಕ್’ ಎಂದು ಕೆಲವು ಸೆಕೆಂಡಿನ ಮೇಲೆ ಬಿಟ್ಟುಕೊಂಡರೆ ಎರಡನೆಯದು. ಸೆಲ್ಫ್ ತಿರುಗುವಾಗ ಮಾತ್ರ ಎಳೆಯುವ ಸೊಲೆನಾಯ್ಡುಗಳೂ ಇವೆ. ಹಾಗಾಗಿ ಕೀ ಆನ್ ಮಾಡಿದಾಗ ಸದ್ದಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿದೆ ಎನ್ನುವಂತಿಲ್ಲ.

ಕರೆಂಟಿನ ದೋಷವೇ ಹೌದೇ?

ಸೈಲೆನ್ಸರಿನ ಹೊಗೆ ಮೊದಲ ಸಾಕ್ಷಿ. ಸೆಲ್ಫ್ ತಿರುಗುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಷ್ಟೆ. ಆಗ ಸೊಲೆನಾಯ್ಡ್ ಬಿಟ್ಟು ಕಂಪ್ರೆಷನ್, ಹೀಟರ್ ಪ್ಲಗ್ಗು, ಟೈಮಿಂಗಿನ ಕಡೆ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಆದರೂ ಅದಕ್ಕೆ ಸೊಲೆನಾಯ್ಡೇ ಕಾರಣ ಎಂದುಕೊಳ್ಳುವ ಮುಂಚೆ ಫಿಲ್ಟರ್ ಬಟ್ಟಲು ನೋಡಿ. ತಳದಲ್ಲಿ ನೀರು ನಿಂತಿದ್ದರೆ ಬಸಿಯಿರಿ. ಪಂಪಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತಿ, ಗುಳ್ಳೆ ಇಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯಿರಿ. ಕೈಪಂಪಿನ ಬದಲು ಕರೆಂಟಿನ ಫೀಡ್ ಪಂಪ್ ಇರುವ ಯಂತ್ರಗಳಲ್ಲಿ ಅದಕ್ಕೂ ಸೊಲೆನಾಯ್ಡಿಗೂ ಒಂದೇ ಫ್ಯೂಸ್ ಇರುವುದುಂಟು. ಕೀ ಆನ್ ಮಾಡಿದಾಗ ಫೀಡ್ ಪಂಪಿನ ಟಿಕ್‌ಟಿಕ್ ಸದ್ದೂ ಇಲ್ಲ, ಸೊಲೆನಾಯ್ಡಿನ ‘ಟಕ್’ ಸದ್ದೂ ಇಲ್ಲ ಎಂದರೆ ನೇರವಾಗಿ ಫ್ಯೂಸಿಗೆ ಹೋಗಿ.

ಪಂಪಿನವರೆಗೆ ಡೀಸೆಲ್ ಬಂದಿದ್ದು ಮುಂದೆ ಹೋಗದಿದ್ದರೆ, ನಾಜಲಿನ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ತಿರುಗಿಸಿ ನೋಡುತ್ತಾರೆ. ಅಲ್ಲಿ ಡೀಸೆಲ್ ಜಿನುಗದಿದ್ದರೆ ಕಟ್‌ಆಫ್ ಮುಚ್ಚಿಕೊಂಡಿದೆ ಎನ್ನುವ ಅನುಮಾನ ಬಲವಾಗುತ್ತದೆ. ಇದನ್ನು ಮಾಡುವಾಗ ಬೆರಳು ಅಡ್ಡ ಹಿಡಿಯಲೇಬೇಡಿ, ಕಣ್ಣಿಗೆ ಕನ್ನಡಕ ಇರಲಿ. ನಾಜಲಿನ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣಬಹುದು, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಳೆಯುವ ಸುತ್ತು, ಹಿಡಿಯುವ ಸುತ್ತು

ಮೂರು ವಯರಿನ ಸೊಲೆನಾಯ್ಡನ್ನು ಅರ್ಥಮಾಡಿಕೊಂಡರೆ ಅರ್ಧ ರಿಪೇರಿ ಆದಂತೆಯೇ. ತುಂಬಿದ ಕೊಡವನ್ನು ನೆಲದಿಂದ ಎತ್ತಲು ಬೇಕಾದ ಬಲವೇ ಬೇರೆ, ಸೊಂಟಕ್ಕೆ ಏರಿಸಿಕೊಂಡ ಮೇಲೆ ನಡೆಯಲು ಬೇಕಾದ್ದೇ ಬೇರೆ. ಅಯಸ್ಕಾಂತಕ್ಕೂ ಹಾಗೆಯೇ. ಪ್ಲಂಜರ್ ದೂರದಲ್ಲಿದ್ದಾಗ ನಡುವೆ ಗಾಳಿಯ ಸಂದು ಇರುತ್ತದೆ, ಎಳೆಯಲು ತುಂಬ ಕರೆಂಟ್ ಬೇಕು. ಒಮ್ಮೆ ಒಳಗೆ ಪೂರ್ತಿ ಕೂತರೆ ಸಂದು ಇಲ್ಲ, ಸ್ವಲ್ಪ ಕರೆಂಟಿಗೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಒಳಗೆ ಎರಡು ಕಾಯಿಲ್‌ಗಳಿವೆ. ಪುಲ್ ಕಾಯಿಲ್ ದಪ್ಪ ತಂತಿಯದು, ಅದರ ರೆಸಿಸ್ಟೆನ್ಸ್ 1 ಓಮಿಗಿಂತ ಕಡಿಮೆ, ಸಾಮಾನ್ಯವಾಗಿ 0.3 ಓಮಿನ ಆಸುಪಾಸು. ಹೋಲ್ಡ್ ಕಾಯಿಲ್ ಸಪುರ ತಂತಿಯದು, 10ರಿಂದ 15 ಓಮಿನ ಸುಮಾರಿಗೆ. ಮೂರನೆಯ ವಯರು ಇಬ್ಬರಿಗೂ ಅರ್ತ್.

ಲೆಕ್ಕ ಹಾಕಿ ನೋಡಿ. 12 ವೋಲ್ಟನ್ನು 0.3 ಓಮಿನಿಂದ ಭಾಗಿಸಿದರೆ 40 ಆಂಪ್. 40 ಆಂಪ್, 12 ವೋಲ್ಟ್ ಎಂದರೆ 480 ವ್ಯಾಟ್. ಮುಷ್ಟಿಯೊಳಗೆ ಹಿಡಿಯುವ ಭಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು ಕಾವು. ಆ ಕಾವನ್ನು ಅದು ಸುಮಾರು ಒಂದು ಸೆಕೆಂಡ್ ಮಾತ್ರ ತಾಳಬಲ್ಲದು. ಹೋಲ್ಡ್ ಕಾಯಿಲಿನದು 1 ಆಂಪ್, 12 ವ್ಯಾಟ್. ದಿನವಿಡೀ ಓಡಿದರೂ ಕೈ ಮುಟ್ಟುವಷ್ಟೇ ಬೆಚ್ಚಗಿರುತ್ತದೆ. ಪುಲ್ ಕಾಯಿಲಿಗೆ ಕರೆಂಟ್ ಕೊಟ್ಟು ಕೂಡಲೇ ನಿಲ್ಲಿಸುವ ಕೆಲಸ ಕೆಲವು ಯಂತ್ರಗಳಲ್ಲಿ ಟೈಮರ್ ರಿಲೇಯದು (ಹೊತ್ತು ನೋಡಿ ತಾನೇ ಕರೆಂಟ್ ಕಡಿಯುವ ಸ್ವಿಚ್ಚು). ಇನ್ನು ಕೆಲವದರಲ್ಲಿ ಸೆಲ್ಫ್ ತಿರುಗುವಾಗ ಮಾತ್ರ ಪುಲ್ ಕಾಯಿಲಿಗೆ ಕರೆಂಟ್ ಬರುತ್ತದೆ. ಅಂಥವುಗಳಲ್ಲಿ ಇಂಜಿನ್ ಹಿಡಿಯುತ್ತಿಲ್ಲವೆಂದು ಸೆಲ್ಫನ್ನು ನಿಲ್ಲಿಸದೆ ಹೊಡೆಯುವುದೇ ಸೊಲೆನಾಯ್ಡನ್ನು ಸುಡುವ ಸುಲಭ ದಾರಿ. ಎರಡು ವಯರಿನ ಕೆಲವು ಸೊಲೆನಾಯ್ಡುಗಳ ಒಳಗೇ ಒಂದು ಚಿಕ್ಕ ಸ್ವಿಚ್ಚಿದೆ. ಪ್ಲಂಜರ್ ತಳಕ್ಕೆ ತಾಗಿದಾಗ ಅದು ಪುಲ್ ಕಾಯಿಲನ್ನು ಬಿಡಿಸುತ್ತದೆ. ತಳ ಮುಟ್ಟದಿದ್ದರೆ ಬಿಡಿಸುವುದಿಲ್ಲ.

ಈಗ ದೋಷ ಯಾವ ಕಾಯಿಲಿನ ಕಡೆ ಎಂದು ಬರಿಗೈಯಲ್ಲೇ ಹೇಳಬಹುದು. ಗೇರ್ ನ್ಯೂಟ್ರಲಿನಲ್ಲಿಟ್ಟು, ಪಿಟಿಒ (ಹಿಂದೆ ಕಟ್ಟಿದ ಉಪಕರಣವನ್ನು ತಿರುಗಿಸುವ ಶಾಫ್ಟ್) ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಕೀ ಆನ್ ಮಾಡಿ. ಪ್ಲಂಜರನ್ನು ಕೈಯಿಂದ ಒಳಕ್ಕೆ ದೂಡಿ ಬಿಡಿ. ಅದು ಅಲ್ಲೇ ನಿಂತರೆ ಹೋಲ್ಡ್ ಕಾಯಿಲ್ ಸರಿಯಿದೆ, ತೊಂದರೆ ಪುಲ್ ಕಡೆಯದು. ದೂಡಿದ್ದು ಚಿಮ್ಮಿ ಹೊರಬಂದರೆ ಹೋಲ್ಡ್ ಕಾಯಿಲಿಗೆ ಕರೆಂಟ್ ಇಲ್ಲ, ಅಥವಾ ಕಾಯಿಲ್ ತುಂಡಾಗಿದೆ. ಸೆಲ್ಫ್ ಹೊಡೆಯುವಾಗ ಇಂಜಿನ್ ಹಿಡಿದು, ಕೀ ಬಿಟ್ಟ ಕ್ಷಣ ಸಾಯುವುದೂ ಇದೇ ಲಕ್ಷಣ. ಕೀ ಸ್ವಿಚ್ಚಿನ ‘ರನ್’ ಸ್ಥಾನದ ಕಾಂಟ್ಯಾಕ್ಟ್ ಸವೆದಿದ್ದರೂ ಹೀಗೇ ಆಗುತ್ತದೆ. ಕೀಯನ್ನು ಸ್ವಲ್ಪ ಅಲ್ಲಾಡಿಸಿದಾಗ ಇಂಜಿನ್ ಉಳಿದರೆ ಸ್ವಿಚ್ಚೇ ಕಳ್ಳ.

ಬಲ್ಬ್ ಹಾಕಿ ಅಳೆಯಬೇಕು

ಮಲ್ಟಿಮೀಟರ್ ಹಿಡಿದವರೂ ಮೋಸಹೋಗುವುದು ಇಲ್ಲಿ. ಸಾಕೆಟ್ ಬಿಚ್ಚಿ ಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸುತ್ತದೆ, ‘ಕರೆಂಟ್ ಬರುತ್ತಿದೆ, ಸೊಲೆನಾಯ್ಡ್ ಹೋಗಿದೆ’ ಎಂದು ತೀರ್ಮಾನ ಆಗಿಬಿಡುತ್ತದೆ. ಮೀಟರಿಗೆ ಬೇಕಾಗುವ ಕರೆಂಟ್ ಏನೂ ಇಲ್ಲವೆನ್ನುವಷ್ಟು ಕಡಿಮೆ. ವಯರಿನ ಹತ್ತು ಎಳೆಗಳಲ್ಲಿ ಒಂಬತ್ತು ಕಿಲುಬು ಹಿಡಿದು ತುಂಡಾಗಿದ್ದರೂ ಉಳಿದ ಒಂದೆಳೆಯಲ್ಲಿ ಮೀಟರಿಗೆ ಸಾಕಾಗುವಷ್ಟು ಕರೆಂಟ್ ಹರಿಯುತ್ತದೆ. ಪುಲ್ ಕಾಯಿಲ್ 40 ಆಂಪ್ ಕೇಳಿದಾಗ ಆ ಎಳೆ ಏನನ್ನೂ ಕೊಡಲಾರದು.

ಅದಕ್ಕೇ 55 ವ್ಯಾಟಿನ ಬಲ್ಬು. ಅದು ಸುಮಾರು 4.6 ಆಂಪ್ ಎಳೆಯುತ್ತದೆ. ಪುಲ್ ಕಾಯಿಲಿಗೆ ಹೋಗುವ ಮುಖ್ಯ ವಯರು ಟೈಮರ್ ರಿಲೇಗೆ ಸೇರುವ ಜಾಗದಲ್ಲಿ ಬಲ್ಬಿನ ಒಂದು ಕಾಲು, ಸೊಲೆನಾಯ್ಡಿನ ಅರ್ತ್ ವಯರಿಗೆ ಇನ್ನೊಂದು ಕಾಲು ಕೊಡಿ. ಬಲ್ಬು ಉರಿಯುತ್ತಿರುವಾಗ ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ಕಡ್ಡಿಯನ್ನು ಬಲ್ಬಿನ ಪ್ಲಸ್ ಕಾಲಿಗೆ ಹಿಡಿಯಿರಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟ್. ಆಮೇಲೆ ಅರ್ತ್ ಕಡೆಯನ್ನೂ ಹೀಗೆಯೇ, ಬ್ಯಾಟರಿಯ ಮೈನಸ್ ಕಂಬದಿಂದ ಬಲ್ಬಿನ ಅರ್ತ್ ಕಾಲಿಗೆ ಅಳೆಯಿರಿ. ಎರಡೂ ಕಡೆ ಸೇರಿ 0.1 ವೋಲ್ಟಿಗಿಂತ ಕಡಿಮೆ ಇದ್ದರೆ ದಾರಿ ಚೆನ್ನಾಗಿದೆ. 0.1 ವೋಲ್ಟ್ ಬಲ್ಬಿಗೆ ಲೆಕ್ಕಕ್ಕಿಲ್ಲ, 40 ಆಂಪಿನಲ್ಲಿ ಅದೇ 0.9 ವೋಲ್ಟ್ ಆಗುತ್ತದೆ. ಬಲ್ಬ್ ಹಾಕಿದಾಗ 0.5 ವೋಲ್ಟ್ ಕಳೆದರೆ ಪುಲ್ ಕಾಯಿಲಿಗೆ ಸಿಗುವುದರಲ್ಲಿ 3 ವೋಲ್ಟಿಗಿಂತಲೂ ಹೆಚ್ಚು ಕೊರತೆ ಬೀಳುತ್ತದೆ, ಆಗ ಅದು ಪ್ಲಂಜರನ್ನು ಎಳೆಯದೇ ಹೋಗಬಹುದು.

ಹೋಲ್ಡ್ ಕಾಯಿಲಿಗೂ ಒಂದೇ ವಯರಿನ ವಾಲ್ವಿಗೂ ಬಲ್ಬಿನ ಅಗತ್ಯವಿಲ್ಲ. ಅವು ಜೋಡಿಸಿದ್ದಂತೆಯೇ ಕೀ ಆನ್ ಮಾಡಿ, ಬ್ಯಾಟರಿ ಪ್ಲಸ್ಸಿನಿಂದ ಸೊಲೆನಾಯ್ಡಿನ ಟರ್ಮಿನಲಿಗೆ ಅಳೆದರೆ ಸಾಕು. 0.5 ವೋಲ್ಟಿನ ಒಳಗಿರಬೇಕು. ಅರ್ತ್ ಕಡೆ 0.2ರ ಒಳಗೆ.

ಬ್ಯಾಟರಿಯನ್ನು ಮರೆಯಬಾರದು. ವಿಶ್ರಾಂತಿಯಲ್ಲಿ 12.6 ವೋಲ್ಟ್ ಇದ್ದು, ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಳೆಯುವ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, 12ರ ಜಾಗದಲ್ಲಿ 9 ವೋಲ್ಟ್ ಸಿಕ್ಕರೆ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೆಲ್ಫ್ ತಿರುಗಿದರೂ ಸೊಲೆನಾಯ್ಡ್ ಎಳೆಯದಿರುವುದು, ಪಕ್ಕದ ಜೀಪಿನಿಂದ ವಯರು ಕೊಟ್ಟಾಗ ತಟ್ಟನೆ ಹಿಡಿಯುವುದು ಇದರಿಂದಲೇ.

ಕಾಯಿಲ್‌ಗಳನ್ನು ಓಮಿನಲ್ಲಿ ಅಳೆಯುವುದು ಕೊನೆಯ ಕೆಲಸ. ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು (0.2 ಅಥವಾ 0.3) ಕಳೆಯಿರಿ. ಒಂದೇ ವಯರಿನ ವಾಲ್ವು ಸಾಮಾನ್ಯವಾಗಿ 5ರಿಂದ 15 ಓಮಿನ ನಡುವೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ತಣ್ಣಗಿದ್ದಾಗ ಸರಿ ತೋರಿಸಿ, ಒಂದು ಗಂಟೆ ಓಡಿ ಇಂಜಿನ್ ತಾನಾಗಿ ನಿಂತಾಗ ತುಂಡೆಂದು ತೋರಿಸುವ ಕಾಯಿಲ್‌ಗಳೂ ಇವೆ. ಅಂಥದ್ದನ್ನು ನಿಂತ ಕೂಡಲೇ, ಬಿಸಿ ಆರುವ ಮುಂಚೆ ಅಳೆಯಬೇಕು.

ನೇರವಾಗಿ ಬ್ಯಾಟರಿಯಿಂದ ಕೊಟ್ಟು ನೋಡುವುದಾದರೆ ವಾಲ್ವಿಗೂ ಹೋಲ್ಡ್ ಕಾಯಿಲಿಗೂ 5 ಆಂಪಿನ ಫ್ಯೂಸ್ ಸೇರಿಸಿದ ವಯರು ಸಾಕು. ಪುಲ್ ಕಾಯಿಲಿಗೆ ದಪ್ಪ ವಯರು, 40 ಆಂಪಿನ ಫ್ಯೂಸ್. ತಾಗಿಸಿ, ‘ಟಕ್’ ಎಂದ ಕೂಡಲೇ ತೆಗೆಯಿರಿ. ಇನ್ನೊಮ್ಮೆ ಪರೀಕ್ಷಿಸುವ ಮುಂಚೆ ಒಂದೆರಡು ನಿಮಿಷ ಆರಲು ಬಿಡಿ.

ಹೊಸದನ್ನು ಸುಡುವ ಎರಡು ಕಾರಣ

ಸುಟ್ಟ ಸೊಲೆನಾಯ್ಡ್ ಕೈಗೆ ಬಂದರೆ, ಹೊಸದನ್ನು ಸಾಕೆಟಿಗೆ ಸಿಕ್ಕಿಸುವ ಮುಂಚೆ ಟೈಮರನ್ನು ನೋಡಲೇಬೇಕು. ಸೊಲೆನಾಯ್ಡಿನ ಕಡೆಯ ಸಾಕೆಟಿನಲ್ಲಿ ಪುಲ್ ವಯರಿಗೂ ಅರ್ತಿಗೂ ನಡುವೆ ಅದೇ ಬಲ್ಬು ಹಾಕಿ ಕೀ ಆನ್ ಮಾಡಿ. ಬಲ್ಬು ಸುಮಾರು ಒಂದು ಸೆಕೆಂಡ್ ಉರಿದು ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಹಳೆಯ ಸೊಲೆನಾಯ್ಡನ್ನು ಕೊಂದದ್ದು ಅದೇ. ಉರಿಯದೇ ಇದ್ದರೆ ಟೈಮರಿಗೆ ಮುಖ್ಯ ಕರೆಂಟ್, ಕೀಯಿಂದ ಬರುವ ಕರೆಂಟ್, ಅರ್ತ್ ಮೂರೂ ಇವೆಯೇ ನೋಡಿ. ಮೂರೂ ಇದ್ದು ಉರಿಯದಿದ್ದರೆ ಟೈಮರ್ ಹೋಗಿದೆ. ಸೆಲ್ಫಿನೊಂದಿಗೆ ಎಳೆಯುವ ಬಗೆಯಲ್ಲಿ ಬಲ್ಬು ಸೆಲ್ಫ್ ತಿರುಗುವಷ್ಟು ಹೊತ್ತು ಮಾತ್ರ ಉರಿಯಬೇಕು.

ಎರಡನೆಯದು ರಾಡಿನ ಅಳತೆ. ಹಳೆಯ ಸೊಲೆನಾಯ್ಡಿನ ಲಾಕ್ ನಟ್ ಎಲ್ಲಿತ್ತೆಂದು ಗುರುತು ಹಾಕದೆ ಬಿಚ್ಚಿ, ಹೊಸದನ್ನು ಅಂದಾಜಿನಲ್ಲಿ ಕೂರಿಸಿದರೆ ಪಂಪಿನ ಲಿವರ್ ತನ್ನ ಕೊನೆಗೆ ತಾಗಿ ನಿಂತರೂ ಪ್ಲಂಜರ್ ಇನ್ನೂ ತಳ ಮುಟ್ಟಿರುವುದಿಲ್ಲ. ನಡುವೆ ಒಂದೇ ಮಿಲಿಮೀಟರ್ ಸಂದು ಉಳಿದರೂ ಹೋಲ್ಡ್ ಕಾಯಿಲಿನ ಬಲ ಸಾಲದೆ, ದಾರಿಯಲ್ಲಿ ಗುಂಡಿಯೊಂದು ಸಿಕ್ಕಿದಾಗ ಪ್ಲಂಜರ್ ಬಿಟ್ಟುಕೊಳ್ಳುತ್ತದೆ. ಒಳಗೆ ಸ್ವಿಚ್ ಇರುವ ಬಗೆಯಲ್ಲಿ ಪುಲ್ ಕಾಯಿಲ್ ಬಿಡದೆ ಉರಿಯುತ್ತಲೇ ಇದ್ದು ಸುಡುತ್ತದೆ. ಸರಿಯಾದ ಕ್ರಮ ಹೀಗೆ: ಕರೆಂಟ್ ಕೊಡದೆ ಪ್ಲಂಜರನ್ನು ಕೈಯಿಂದ ತಳದವರೆಗೆ ದೂಡಿ ಹಿಡಿಯಿರಿ, ಲಿವರ್ ತನ್ನ ಓಡುವ ಸ್ಥಾನಕ್ಕೆ ಪೂರ್ತಿ ಬಂದಿರಲಿ, ಜೋಡಣೆಯಲ್ಲಿ ಕೂದಲೆಳೆಯಷ್ಟು ಸಡಿಲ ಉಳಿಯಲಿ, ಆಮೇಲೆ ಲಾಕ್ ನಟ್ ಬಿಗಿಯಿರಿ. ಪ್ಲಂಜರಿಗೆ ಹಾಕಿರುವ ರಬ್ಬರ್ ಟೊಪ್ಪಿ ಹರಿದಿದ್ದರೆ ಬದಲಿಸಿ. ಮುರಕಲ್ಲಿನ ಕೆಂಪು ಹುಡಿ ಎಣ್ಣೆಯೊಂದಿಗೆ ಕಲಸಿಕೊಂಡರೆ ಅರಗಿನಂತೆ ಹಿಡಿಯುತ್ತದೆ, ಪ್ಲಂಜರ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಆಗ ಇಂಜಿನ್ ಹಿಡಿದರೂ ಏರಿನಲ್ಲಿ ಎಳೆಯುವುದಿಲ್ಲ, ಪಂಪ್ ಕ್ಯಾಲಿಬ್ರೇಶನ್ ಹೋಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಸೊಲೆನಾಯ್ಡನ್ನು ರಾಡಿನಿಂದ ಬಿಡಿಸಿ ಲಿವರನ್ನು ಬೆರಳಿಂದ ಸರಿಸಿ ನೋಡುವುದು ಒಳ್ಳೆಯದು. ಸರಾಗವಾಗಿ ಹೋಗಿ ಸ್ಪ್ರಿಂಗಿನಿಂದ ತಾನೇ ವಾಪಸ್ ಬರಬೇಕು. ಬಿಗಿಯಿದ್ದರೆ ಪಂಪಿನೊಳಗಿನ ರ್‍ಯಾಕ್ ತುಕ್ಕು ಹಿಡಿದಿರಬಹುದು. ಡೀಸೆಲಿನಲ್ಲಿ ನೀರು ಸೇರಿ ಮಳೆಗಾಲ ಪೂರ್ತಿ ನಿಂತ ಪಂಪುಗಳಿಗೆ ಇದು ಬರುವ ರೋಗ. ಅದು ಪಂಪಿನವರ ಕೆಲಸ, ಎಷ್ಟು ಸೊಲೆನಾಯ್ಡ್ ಬದಲಿಸಿದರೂ ತೀರುವುದಿಲ್ಲ.

ತಿರುಪಿ ಕೂರಿಸುವ ವಾಲ್ವನ್ನು ಬಿಚ್ಚುವ ಮೊದಲು ಸುತ್ತ ಬ್ರಷ್ಷಿನಿಂದ ತೊಳೆದು ಒರೆಸಿ. ಒಳಗಿನ ಪ್ಲಂಜರೂ ಸ್ಪ್ರಿಂಗೂ ಜಾರಿ ಬೀಳುತ್ತವೆ, ಕೆಳಗೆ ಬಟ್ಟೆ ಹಾಸಿ. ಪ್ಲಂಜರಿನ ತುದಿಯ ರಬ್ಬರ್ ಉಬ್ಬಿದೆಯೇ, ತುಕ್ಕಿದೆಯೇ ನೋಡಿ. ಓ ರಿಂಗ್ ಹೊಸದು ಹಾಕಿ, ಅಲ್ಯೂಮಿನಿಯಂ ಮೈಯ ತಿರುಪಿನ ಮರೆ ಹರಿಯುವಷ್ಟು ಬಿಗಿಯಬೇಡಿ, ಗಾಳಿ ತೆಗೆಯಿರಿ. ಪ್ಲಂಜರ್ ಮತ್ತು ಸ್ಪ್ರಿಂಗ್ ತೆಗೆದಿಟ್ಟು ಬರೀ ಮೈಯನ್ನು ಮರಳಿ ಕೂರಿಸಿದರೆ ಇಂಜಿನ್ ಓಡುತ್ತದೆ, ಗದ್ದೆಯ ನಡುವಿನಿಂದ ಮನೆಗೆ ತರಲು ಅದು ಸಾಕು. ಆದರೆ ಆಗ ಕೀಯಿಂದ ನಿಲ್ಲುವುದಿಲ್ಲ. ಕೈಯಿಂದ ನಿಲ್ಲಿಸುವ ಲಿವರ್ ಎಲ್ಲಿದೆಯೆಂದು ಗೊತ್ತಿಲ್ಲದೆ ಈ ಉಪಾಯಕ್ಕೆ ಇಳಿಯಬೇಡಿ.

ಫ್ಯೂಸ್ ಹೋಗುತ್ತಲೇ ಇದ್ದರೆ

ಸೊಲೆನಾಯ್ಡಿನ ಸಾಕೆಟ್ ಬಿಚ್ಚಿ ಹೊಸ ಫ್ಯೂಸ್ ಹಾಕಿ. ಆಗಲೂ ಹೋದರೆ ವಯರು ಎಲ್ಲೋ ಮೈಗೆ ಉಜ್ಜಿ ಬೋಳಾಗಿದೆ, ಇಲ್ಲವೇ ಇಲಿ ಕಡಿದಿದೆ. ಹೋಗದಿದ್ದರೆ ಕಾಯಿಲ್ ಶಾರ್ಟ್ ಆಗಿದೆ, ಅಥವಾ ಅದಕ್ಕೆ ಅಡ್ಡಲಾಗಿ ಇರುವ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಚಿಕ್ಕ ಭಾಗ) ಉಲ್ಟಾ ಜೋಡಣೆಯಾಗಿದೆ. ಆ ಡಯೋಡಿನ ಬಿಳಿ ಗೆರೆ ಪ್ಲಸ್ ಕಡೆಗೇ ಇರಬೇಕು. ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಹಾಳೆಯನ್ನೋ ದಪ್ಪ ತಂತಿಯನ್ನೋ ಸಿಕ್ಕಿಸಿದರೆ ಮುಂದಿನ ಸಲ ಉರಿಯುವುದು ಪೂರ್ತಿ ವಯರಿಂಗ್, ಒಣ ಸೋಗೆ ತುಂಬಿದ ಶೆಡ್ಡಾದರೆ ಶೆಡ್ಡೂ ಕೂಡ.

ಕೀ ತೆಗೆದರೂ ನಿಲ್ಲದ ಇಂಜಿನ್

ಕರೆಂಟ್ ಇದ್ದರೆ ಓಡುವ ಬಗೆಯಲ್ಲಿ, ಕೀ ತೆಗೆದ ಮೇಲೂ ಓಡುತ್ತಿರುವಾಗ ಸೊಲೆನಾಯ್ಡಿನ ಟರ್ಮಿನಲಿನಲ್ಲಿ ವೋಲ್ಟ್ ಅಳೆಯಿರಿ. ಸೊನ್ನೆ ಇದ್ದರೆ ಪ್ಲಂಜರ್ ಸಿಕ್ಕಿಕೊಂಡಿದೆ ಅಥವಾ ಸ್ಪ್ರಿಂಗ್ ಮುರಿದಿದೆ. ವೋಲ್ಟ್ ಇದ್ದರೆ ಎಲ್ಲಿಂದಲೋ ಹಿಮ್ಮುಖವಾಗಿ ಬರುತ್ತಿದೆ: ಕೀ ಸ್ವಿಚ್ ಒಳಗೇ ಅಂಟಿಕೊಂಡಿರಬಹುದು, ಆಲ್ಟರ್ನೇಟರಿನ ಚಾರ್ಜಿಂಗ್ ಲ್ಯಾಂಪಿನ ವಯರಿನಿಂದ ಬರಬಹುದು. ಆಮೇಲೆ ಸೇರಿಸಿದ ಎಲ್‌ಇಡಿ ಲೈಟಿಗೋ ಹಾರ್ನಿಗೋ ಮೊಬೈಲ್ ಚಾರ್ಜರಿಗೋ ಹತ್ತಿರ ಸಿಕ್ಕಿತೆಂದು ಸೊಲೆನಾಯ್ಡಿನ ವಯರಿನಿಂದಲೇ ಕರೆಂಟ್ ತೆಗೆದಿದ್ದರೆ ಅದನ್ನು ಮೊದಲು ಬಿಡಿಸಿ. ಅಂಥ ಜೋಡಣೆಗೆ ತನ್ನದೇ ಫ್ಯೂಸಿನ ಬೇರೆ ದಾರಿ ಬೇಕು.

ಕರೆಂಟ್ ಕೊಟ್ಟರೆ ನಿಲ್ಲುವ ಬಗೆಯಲ್ಲಿ ಫ್ಯೂಸ್ ಹೋದರೂ ಇಂಜಿನ್ ನಿಲ್ಲುವುದಿಲ್ಲ. ನಿಂತು ಹತ್ತು ನಿಮಿಷದ ಮೇಲೂ ಸೊಲೆನಾಯ್ಡ್ ಸುಡುವಷ್ಟು ಬಿಸಿಯಿದ್ದರೆ ಟೈಮರ್ ಬಿಡುತ್ತಿಲ್ಲ, ಬೆಳಗಾಗುವಷ್ಟರಲ್ಲಿ ಬ್ಯಾಟರಿಯೂ ಖಾಲಿ.

ನಿಲ್ಲದ ಇಂಜಿನನ್ನು ನಿಲ್ಲಿಸಲು ಪಂಪಿನ ಸ್ಟಾಪ್ ಲಿವರನ್ನು ಕೈಯಿಂದ ಎಳೆಯಿರಿ. ಅದು ಸಿಗದಿದ್ದರೆ ಏರ್ ಕ್ಲೀನರಿನ ಬಾಯಿಗೆ ಹಲಗೆ ತುಂಡನ್ನು ಒತ್ತಿ ಹಿಡಿಯಿರಿ. ಕೈಯನ್ನೋ ಬಟ್ಟೆಯನ್ನೋ ಹಿಡಿಯಬಾರದು, ಎಳೆದುಕೊಳ್ಳುತ್ತದೆ. ಟ್ಯಾಂಕಿನ ಕಾಕ್ ಮುಚ್ಚಿದರೂ ನಿಲ್ಲುತ್ತದೆ, ಆದರೆ ನಿಮಿಷಗಟ್ಟಲೆ ಹಿಡಿದು ಗಾಳಿಯೂ ಸೇರುತ್ತದೆ.

ಹುಲ್ಲು ಕೊಯ್ಯುವ ಯಂತ್ರದಲ್ಲಿ ಇನ್ನೊಂದು ಸರಪಳಿ

ಕೂತು ಓಡಿಸುವ ಡೀಸೆಲ್ ಮೋವರ್‌ಗಳಲ್ಲಿ (ಹುಲ್ಲು ಕೊಯ್ಯುವ ಯಂತ್ರಗಳಲ್ಲಿ) ಸೊಲೆನಾಯ್ಡಿಗೆ ಹೋಗುವ ಕರೆಂಟ್ ಸೀಟಿನ ಸ್ವಿಚ್ಚು, ಬ್ಲೇಡಿನ ಸ್ವಿಚ್ಚು, ನ್ಯೂಟ್ರಲ್ ಅಥವಾ ಬ್ರೇಕಿನ ಸ್ವಿಚ್ಚುಗಳನ್ನು ದಾಟಿ ಬರುತ್ತದೆ. ಬ್ಲೇಡ್ ತಿರುಗುತ್ತಿರುವಾಗ ಮನುಷ್ಯ ಸೀಟು ಬಿಟ್ಟೆದ್ದರೆ ಇಂಜಿನ್ ನಿಲ್ಲಬೇಕು ಎನ್ನುವುದೇ ಅದರ ಉದ್ದೇಶ. ಕೆಲವದರಲ್ಲಿ ಇಂಜಿನ್ ಅತಿಯಾಗಿ ಕಾದರೂ ಆಯಿಲ್ ಪ್ರೆಶರ್ ಇಳಿದರೂ ಅದೇ ಕರೆಂಟ್ ಕಡಿಯುತ್ತದೆ, ಆದ್ದರಿಂದ ರೇಡಿಯೇಟರಿನ ಜಾಲರಿಯಲ್ಲಿ ಹುಲ್ಲು ತುಂಬಿದೆಯೇ ಎಂದು ಮೊದಲು ನೋಡಿ. ಉಬ್ಬುತಗ್ಗಿನಲ್ಲಿ ಮಾತ್ರ ಕೆಮ್ಮಿ ನಿಲ್ಲುವ ಯಂತ್ರವಾದರೆ ಸೀಟಿನ ಫೋಮ್ ಕುಸಿದು ಸ್ವಿಚ್ ಅರೆಬರೆ ಒತ್ತಿಕೊಂಡಿರುತ್ತದೆ. ಒದ್ದೆ ಹುಲ್ಲಿನ ಚೂರು ಒಣಗಿ ಗಟ್ಟಿಯಾಗಿ ಬ್ರೇಕ್ ಪೆಡಲಿನ ಸ್ವಿಚ್ಚನ್ನು ತಡೆಯುವುದೂ ಸಾಮಾನ್ಯ. ಬಲ್ಬನ್ನು ಸೊಲೆನಾಯ್ಡಿನ ಸಾಕೆಟಿಗೆ ಹಾಕಿ, ಕೀ ಆನ್ ಮಾಡಿ, ಒಬ್ಬರು ಸೀಟಿನಲ್ಲಿ ಕೂತಿರುವಾಗ ಇನ್ನೊಬ್ಬರು ಒಂದೊಂದೇ ಸ್ವಿಚ್ಚಿನ ವಯರನ್ನು ಅಲ್ಲಾಡಿಸಲಿ. ಬಲ್ಬು ಮಿಣುಕಿದಲ್ಲಿ ದೋಷ. ಪರೀಕ್ಷೆಗೆ ಒಂದು ಸ್ವಿಚ್ಚನ್ನು ನೇರ ಜೋಡಿಸಿದ್ದರೆ, ಬ್ಲೇಡ್ ಹಾಕುವ ಮುಂಚೆ ಅದನ್ನು ಬಿಡಿಸಿಯೇ ಬಿಡಿ. ಖಾಯಂ ನೇರ ಜೋಡಿಸಿದ ಮೋವರ್‌ನಿಂದ ಕಾಲು ಹೋಗುವುದು ಒಂದು ಕ್ಷಣದ ಮಾತು.

ಮೈಲುತುತ್ತು ಮತ್ತು ಉಪ್ಪುಗಾಳಿ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಉಪ್ಪುಗಾಳಿ ಟರ್ಮಿನಲುಗಳನ್ನು ತಿನ್ನುತ್ತದೆ. ಒಳನಾಡಿನ ತೋಟಗಳಲ್ಲಿ ಅದಕ್ಕಿಂತ ಚುರುಕಿನ ಶತ್ರು ಬೋರ್ಡೊ ಮದ್ದು. ಕೊಳೆರೋಗಕ್ಕೆ ಮದ್ದು ಬಿಡುವವರಿಗೆ ಇದು ಗೊತ್ತಿರುವ ಪರೀಕ್ಷೆ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಶೇಕಡಾ 1ರ ದ್ರಾವಣ ಮಾಡಿ, ಅದರಲ್ಲಿ ಹೊಳೆಯುವ ಕತ್ತಿಯ ತುದಿ ಅದ್ದುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕತ್ತಿಯ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುವುದೇ ಆ ಕೆಂಪು. ಸ್ಪ್ರೇಯರ್ ಕಟ್ಟಿದ ಟ್ರಾಕ್ಟರಿನ ಸೊಲೆನಾಯ್ಡಿನ ಕಬ್ಬಿಣದ ಪ್ಲಂಜರ್, ಅರ್ತ್ ಬೋಲ್ಟು, ಅಲ್ಯೂಮಿನಿಯಂ ಬ್ರಾಕೆಟ್ಟು ಇವೆಲ್ಲ ಆ ಕತ್ತಿಯ ತುದಿಯಂತೆಯೇ. ಸುಣ್ಣ ಕಡಿಮೆಯಾದ ಮದ್ದು, ಅಥವಾ ಸುಣ್ಣ ಬೆರೆಸುವ ಮುಂಚಿನ ಮೈಲುತುತ್ತಿನ ನೀರು ಚೆಲ್ಲಿದರೆ ಕೆಲಸ ಆಗಲೇ ಶುರುವಾಗುತ್ತದೆ. ಸರಿಯಾದ ಮದ್ದು ಒಣಗಿದ ಬಿಳಿನೀಲಿ ಹುಡಿಯೂ ಸಾಕೆಟಿನೊಳಗೆ ತೇವ ಹಿಡಿದಿಡುತ್ತದೆ.

ಮದ್ದು ಬಿಟ್ಟ ದಿನವೇ ಪಂಪಿನ ಸುತ್ತ ಸಾದಾ ನೀರು ಹೊಯ್ದು ತೊಳೆಯಿರಿ. ಪ್ರೆಶರ್ ವಾಶರನ್ನು ಸಾಕೆಟ್ಟುಗಳ ಮುಖಕ್ಕೆ ಹಿಡಿಯಬೇಡಿ, ರಬ್ಬರ್ ಸೀಲು ದಾಟಿ ನೀರು ಒಳಗೆ ಹೋಗುತ್ತದೆ. ಹಸುರು ಕಿಲುಬು ಕೂತ ಟರ್ಮಿನಲನ್ನು ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಸಣ್ಣ ಬ್ರಷ್ಷಿನಿಂದ ತಿಕ್ಕಿ, ಒಣಗಿದ ಮೇಲೆ ವ್ಯಾಸಲಿನ್ ತೆಳ್ಳಗೆ ಸವರಿ. ವಯರಿನ ತುದಿ ಕತ್ತರಿಸಿ ನೋಡಿ: ಪ್ಲಾಸ್ಟಿಕ್ಕಿನೊಳಗೆ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಬೇಕು, ಕೆಲವೊಮ್ಮೆ ಅದು ಗೇಣುದ್ದಕ್ಕೂ ಹೋಗಿರುತ್ತದೆ. ಹೊಸ ವಯರು ಪುಲ್ ದಾರಿಗೆ 4 ಚದರ ಮಿಲಿಮೀಟರಿನದು, ಹೋಲ್ಡ್ ದಾರಿಗೆ 1ರಿಂದ 1.5 ಸಾಕು. ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲ ದಾಟುವುದಿಲ್ಲ. ಕ್ರಿಂಪ್ ಒತ್ತಿ, ಹೀಟ್ ಶ್ರಿಂಕ್ ಕೊಳವೆ ಹಾಕಿ. ಅರ್ತ್ ಬೋಲ್ಟಿನ ಅಡಿಯ ಪೇಂಟನ್ನು ಕೆರೆದು ಬರಿ ಲೋಹಕ್ಕೆ ಬಿಗಿದು, ಆಮೇಲೆ ಗ್ರೀಸ್ ಹಚ್ಚಿ.

ಇಷ್ಟೆಲ್ಲ ಅಳೆದ ಮೇಲೂ ಸೊಲೆನಾಯ್ಡೇ ಹೋಗಿದೆ ಎಂದಾದರೆ ಹಳೆಯದನ್ನು ಅಂಗಡಿಗೆ ಕೊಂಡುಹೋಗಿ. ವಯರುಗಳ ಸಂಖ್ಯೆ, 12 ವೋಲ್ಟೋ 24 ವೋಲ್ಟೋ, ಎಳೆಯುವುದೋ ತಳ್ಳುವುದೋ, ಪ್ಲಂಜರ್ ಎಷ್ಟು ಮಿಲಿಮೀಟರ್ ಚಲಿಸುತ್ತದೆ ಎಂಬ ನಾಲ್ಕೂ ಹೊಂದಬೇಕು. ವಯರಿನ ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬೇರೆ. ಅಂಗಡಿಯಲ್ಲೇ ಮೀಟರ್ ಹಿಡಿದು ಪುಲ್ ಯಾವುದು, ಹೋಲ್ಡ್ ಯಾವುದು ಎಂದು ಓಮ್ ನೋಡಿ ಚೀಟಿ ಅಂಟಿಸಿಕೊಳ್ಳಿ. ಎರಡನ್ನು ಅದಲುಬದಲು ಜೋಡಿಸಿದರೆ ಕೀ ಆನ್ ಇದ್ದಷ್ಟು ಹೊತ್ತೂ ಪುಲ್ ಕಾಯಿಲಿಗೆ ಕರೆಂಟ್ ಹರಿಯುತ್ತದೆ. ಹೋಲ್ಡ್ ದಾರಿಯ 10 ಆಂಪಿನ ಫ್ಯೂಸ್ ಹೋದರೆ ಸೊಲೆನಾಯ್ಡ್ ಉಳಿಯುತ್ತದೆ.